ಒಂಬತ್ತು ಸಿಂಹಾಸನ, ಒಂದು ಮತಪೆಟ್ಟಿಗೆ

ಮಲೇಷ್ಯಾದ ರಾಷ್ಟ್ರಪ್ರಭುವಿನ ಬಿರುದು ‘ಯಾಂಗ್ ಡಿ-ಪರ್ತುವಾನ್ ಅಗೋಂಗ್’. ಐದು ವರ್ಷಗಳ ಅವಧಿಯ ಈ ಪದವಿ ತಂದೆಯಿಂದ ಮಗನಿಗೆ ಇಳಿಯುವುದಿಲ್ಲ; ದೇಶದ ಹದಿಮೂರು ರಾಜ್ಯಗಳ ಪೈಕಿ ಒಂಬತ್ತನ್ನು ಆಳುವ ಅರಸರು ಸೇರಿ, ತಮ್ಮೊಳಗೊಬ್ಬರನ್ನು ರಹಸ್ಯ ಮತದಾನದಿಂದ ಆರಿಸುತ್ತಾರೆ. ಆ ಸಭೆಗೆ ‘ಮಜ್ಲಿಸ್ ರಾಜಾ-ರಾಜಾ’, ಅಂದರೆ ಅರಸರ ಪರಿಷತ್ತು, ಎಂದು ಹೆಸರು.

ಪರಿಷತ್ತಿನ ಬೇರು ಬ್ರಿಟಿಷರ ಕಾಲದ್ದು. ಪೆರಾಕ್, ಸೆಲಾಂಗೋರ್, ಪಹಾಂಗ್, ನೆಗೆರಿ ಸೆಂಬಿಲಾನ್ ಎಂಬ ನಾಲ್ಕು ರಾಜ್ಯಗಳ ಒಕ್ಕೂಟ ಏರ್ಪಟ್ಟ ಮೇಲೆ, 1897ರಲ್ಲಿ ಕ್ವಾಲಾ ಕಾಂಗ್ಸಾರ್‌ನಲ್ಲಿ ಅವುಗಳ ಅರಸರ ಮೊದಲ ದರ್ಬಾರು ನಡೆಯಿತು. ಎರಡನೆಯ ಮಹಾಯುದ್ಧದ ತರುವಾಯ ಅರಸರ ಸಾರ್ವಭೌಮತ್ವವನ್ನು ಕಿತ್ತುಕೊಂಡ 1946ರ ಮಲಯಾ ಯೂನಿಯನ್ ಯೋಜನೆ ಮಲಯ ಜನರ ಪ್ರತಿಭಟನೆಗೆ ಮಣಿದು ಕುಸಿಯಿತು. 1948ರಲ್ಲಿ ಅದರ ಜಾಗಕ್ಕೆ ಬಂದ ಒಕ್ಕೂಟ ಅರಸರ ಸ್ಥಾನವನ್ನು ಮರಳಿಸಿ ಪರಿಷತ್ತಿಗೂ ಅಧಿಕೃತ ರೂಪ ಕೊಟ್ಟಿತು. ಆದರೆ ಸ್ವತಂತ್ರವಾಗಲಿದ್ದ ದೇಶಕ್ಕೆ ಒಬ್ಬನೇ ಮುಖ್ಯಸ್ಥ ಬೇಕಿದ್ದು, ಒಂಬತ್ತು ಮಂದಿ ಸಮಾನರಲ್ಲಿ ಯಾರೊಬ್ಬರೂ ಇನ್ನೊಬ್ಬರ ವಂಶಕ್ಕೆ ಶಾಶ್ವತವಾಗಿ ತಲೆಬಾಗಲು ಒಪ್ಪುವಂತಿರಲಿಲ್ಲ. ಅಲಹಾಬಾದ್ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಬಿ. ಮಲಿಕ್ ಅವರೂ ಸದಸ್ಯರಾಗಿದ್ದ ರೀಡ್ ಆಯೋಗ ಸಂವಿಧಾನದ ಕರಡು ಸಿದ್ಧಪಡಿಸಿದ್ದು ಈ ಬಿಕ್ಕಟ್ಟಿನ ನಡುವೆಯೇ. ಅರಸನನ್ನು ಚುನಾಯಿಸುವ ರೂಢಿ ಆ ನೆಲಕ್ಕೆ ಹೊಸದೇನಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು: ನೆಗೆರಿ ಸೆಂಬಿಲಾನ್‌ನಲ್ಲಿ ‘ಉಂಡಾಂಗ್’ ಎಂಬ ನಾಲ್ವರು ನಾಡೊಡೆಯರು ರಾಜಮನೆತನದವರಲ್ಲಿ ಒಬ್ಬರನ್ನು ಆರಿಸುವ ಪದ್ಧತಿ ಬಹಳ ಹಿಂದಿನಿಂದಲೂ ನಡೆದುಬಂದಿದೆ.

ಮತದಾನದ ವಿಧಾನ ಕುತೂಹಲಕರ. ಅಭ್ಯರ್ಥಿಗಳು ಪೈಪೋಟಿಗೆ ಇಳಿಯುವುದಿಲ್ಲ. ಸರದಿಯ ಪಟ್ಟಿಯಲ್ಲಿ ಮೊದಲಿರುವವರ ಹೆಸರನ್ನಷ್ಟೇ ಮುಂದಿಟ್ಟು, ಇವರು ಈ ಪದವಿಗೆ ಯೋಗ್ಯರೋ ಅಲ್ಲವೋ ಎಂದು ಕೇಳಲಾಗುತ್ತದೆ. ಕ್ರಮಸಂಖ್ಯೆಯಿಲ್ಲದ ಚೀಟಿಯಲ್ಲಿ ಪ್ರತಿಯೊಬ್ಬ ಅರಸನೂ ಉತ್ತರ ಗುರುತಿಸಿ ಪೆಟ್ಟಿಗೆಗೆ ಹಾಕುತ್ತಾನೆ. ಐದು ಮತಗಳು ಬಿದ್ದರೆ, ಬಂದ ಅವಕಾಶವನ್ನು ಸ್ವೀಕರಿಸುವಿರಾ ಎಂದು ಅವರನ್ನು ಕೇಳುತ್ತಾರೆ. ಮತ ಸಾಲದಿದ್ದರೆ ಅಥವಾ ಅವರೇ ಒಲ್ಲೆನೆಂದರೆ ಮುಂದಿನ ಹೆಸರಿಗೆ ಹೋಗುತ್ತಾರೆ. ಅರಸರಿಲ್ಲದ ನಾಲ್ಕು ರಾಜ್ಯಗಳ ರಾಜ್ಯಪಾಲರು ಪರಿಷತ್ತಿನ ಸದಸ್ಯರಾದರೂ ಈ ಆಯ್ಕೆಯಲ್ಲಿ ಅವರಿಗೆ ಮತವಿಲ್ಲ.

ಸರದಿಯೊಂದೇ ಸಾಕಿದ್ದರೆ ಮತಪೆಟ್ಟಿಗೆಯ ಅಗತ್ಯವೇ ಇರುತ್ತಿರಲಿಲ್ಲ. 1957ರ ಮೊದಲ ಆಯ್ಕೆಯೇ ಇದಕ್ಕೆ ಸಾಕ್ಷಿ: ಎಲ್ಲರಿಗಿಂತ ಹಿರಿಯರಾದ ಜೊಹೋರ್‌ನ ಸುಲ್ತಾನ್ ಇಬ್ರಾಹಿಂ ವೃದ್ಧಾಪ್ಯದ ಕಾರಣ ಹಿಂದೆ ಸರಿದರು, ನಂತರದ ಪಹಾಂಗ್‌ನ ಸುಲ್ತಾನ್ ಅಬು ಬಕರ್ ಅವರಿಗೆ ಉಳಿದ ಅರಸರ ಸಮ್ಮತಿ ದೊರೆಯಲಿಲ್ಲ, ಹೀಗಾಗಿ ಮೊದಲ ಅಗೋಂಗ್ ಆಗುವ ಗೌರವ ನೆಗೆರಿ ಸೆಂಬಿಲಾನ್‌ನ ತುವಾಂಕು ಅಬ್ದುಲ್ ರಹಮಾನ್ ಅವರಿಗೆ ಒದಗಿತು. ಮೊದಲ ಸುತ್ತಿನಲ್ಲಿ ಹೀಗೆ ಮೂಡಿದ ಕ್ರಮವೇ ಒಂಬತ್ತು ರಾಜ್ಯಗಳ ಕಾಯಂ ಸರದಿಯಾಗಿ ನಿಂತು, 1994ರಲ್ಲಿ ಅವಕಾಶ ಮತ್ತೆ ನೆಗೆರಿ ಸೆಂಬಿಲಾನ್‌ಗೆ ಬಂತು.

ಸರದಿ ರಾಜ್ಯದ್ದೇ ಹೊರತು ವ್ಯಕ್ತಿಯದ್ದಲ್ಲ ಎಂಬುದರ ಪರಿಣಾಮ 2019ರಲ್ಲಿ ಸ್ಪಷ್ಟವಾಗಿ ಕಂಡಿತು. ಕೆಲಾಂತಾನ್‌ನ ಐದನೆಯ ಮಹಮ್ಮದ್ ಅವಧಿಗೆ ಮುನ್ನವೇ ಜನವರಿ 6ರಂದು ಪದತ್ಯಾಗ ಮಾಡಿದಾಗ ಸರದಿ ಪಹಾಂಗ್‌ನದಾಗಿತ್ತು. ಅಲ್ಲಿನ ವಯೋವೃದ್ಧ ಸುಲ್ತಾನ್ ಅಹ್ಮದ್ ಷಾ ಅನಾರೋಗ್ಯದಲ್ಲಿದ್ದರು. ಪಹಾಂಗ್ ರಾಜಮನೆತನದ ಮಂಡಳಿ ಅವರ ಮಗ ಅಬ್ದುಲ್ಲಾರನ್ನು ಜನವರಿ 15ರಂದು ಪಟ್ಟಕ್ಕೇರಿಸಿತು, ಒಂಬತ್ತು ದಿನ ಕಳೆದು 24ರಂದು ಅರಸರ ಪರಿಷತ್ತು ಅವರನ್ನೇ ಅಗೋಂಗ್ ಆಗಿ ಚುನಾಯಿಸಿತು.