ಕಾವಲು ಕ್ಯಾಮೆರಾದ ಜಾತಕ

ಬಂಗಾರಪೇಟೆಯಲ್ಲಿ ಒಂದು ಅಂಗಡಿ, ಕೋಲಾರ ಚಿನ್ನದ ಗಣಿಯ ರಾಬರ್ಟ್‌ಸನ್‌ಪೇಟೆಯಲ್ಲಿ ಇನ್ನೊಂದು. ಎರಡಕ್ಕೂ ಯಜಮಾನರು ಒಬ್ಬರೇ ಎಂದಿಟ್ಟುಕೊಳ್ಳೋಣ. ಎರಡು ಕಡೆಯ ಕಾವಲು ಕ್ಯಾಮೆರಾಗಳೂ ಜಾಲದ ಮೂಲಕ ಕಳುಹಿಸುವ ಚಿತ್ರಗಳನ್ನು ಒಂದೇ ಕಂಪ್ಯೂಟರಿನಲ್ಲಿ ನೋಡಬಹುದು. ಹೀಗೆ ಹಲವು ಕ್ಯಾಮೆರಾಗಳನ್ನು ಒಂದೆಡೆಯಿಂದ ನಡೆಸುವ ಏರ್ಪಾಡಿಗೆ ವಿಡಿಯೋ ನಿರ್ವಹಣಾ ತಂತ್ರಾಂಶವೆಂದು ಹೆಸರು. ಒಂದು ರಾತ್ರಿ ರಾಬರ್ಟ್‌ಸನ್‌ಪೇಟೆಯಲ್ಲಿ ಕಳವಾಯಿತು. ಚಿತ್ರದ ಮೂಲೆಯಲ್ಲಿ 9 ಗಂಟೆ 10 ನಿಮಿಷವೆಂದಿದೆ. ಆ ಹೊತ್ತಿನಲ್ಲಿ ಅಲ್ಲಿಯೇ ಇದ್ದ ಕೆಲಸದ ಹುಡುಗನ ಮೇಲೆ ಸಂಶಯ ಬೀಳುತ್ತದೆ. ಆದರೆ ಕ್ಯಾಮೆರಾದ ಗಡಿಯಾರ 40 ನಿಮಿಷ ಹಿಂದೆ ಬಿದ್ದಿದ್ದರೆ? ಕಳವು ನಡೆದದ್ದು 9 ಗಂಟೆ 50 ನಿಮಿಷಕ್ಕೆ. ಅಷ್ಟರಲ್ಲಿ ಆ ಹುಡುಗ ಬಂಗಾರಪೇಟೆಯ ಅಂಗಡಿಯನ್ನು ಸೇರಿರಬಹುದು.

ಆದುದರಿಂದ ಚಿತ್ರವನ್ನು ನಂಬುವುದಕ್ಕೆ ಮುಂಚೆ ಅದನ್ನು ತೆಗೆದ ಯಂತ್ರದ ಜಾತಕವನ್ನು ನೋಡಬೇಕಾಗುತ್ತದೆ. ತಂತ್ರಾಂಶದ ಸಾಧನಗಳ ಪಟ್ಟಿಯಲ್ಲಿ ಕ್ಯಾಮೆರಾದ ಹೆಸರನ್ನು ಆರಿಸಿ ಸಾಧನದ ಮಾಹಿತಿ ಎಂಬ ಪುಟವನ್ನು ತೆರೆದರೆ ಅದು ದೊರೆಯುತ್ತದೆ. ಕ್ಯಾಮೆರಾಗಳು ಬೇರೆ ಬೇರೆ ತಯಾರಕರವಾದರೂ ಈ ಪ್ರಶ್ನೆಗೆ ಉತ್ತರ ಕೊಡಬಲ್ಲವು. 2008ರಲ್ಲಿ ಆಕ್ಸಿಸ್, ಬಾಷ್, ಸೋನಿ ಸಂಸ್ಥೆಗಳು ಕೂಡಿ ಆರಂಭಿಸಿದ ಓನ್‌ವಿಫ್ ಎಂಬ ಒಪ್ಪಂದದ ಭಾಷೆಯೇ ಇದಕ್ಕೆ ಕಾರಣ. ಆ ಭಾಷೆಯಲ್ಲಿ ಕೇಳಿದೊಡನೆ ಕ್ಯಾಮೆರಾ ತನ್ನ ತಯಾರಕರು, ಮಾದರಿ, ಕ್ರಮಸಂಖ್ಯೆ, ಫರ್ಮ್‌ವೇರ್ ಆವೃತ್ತಿ ಇವನ್ನು ಒಪ್ಪಿಸುತ್ತದೆ. ಗಡಿಯಾರವನ್ನು ಪ್ರತ್ಯೇಕವಾಗಿ ಕೇಳಬೇಕು. ಚಿತ್ರದ ಮೇಲೆ ಅಚ್ಚಾದ ವೇಳೆ ಸಾಮಾನ್ಯವಾಗಿ ಕ್ಯಾಮೆರಾದ್ದು. ಮುದ್ರಿಕೆಯ ಪಟ್ಟಿಯಲ್ಲಿರುವ ವೇಳೆ ಕಂಪ್ಯೂಟರಿನದಾಗಿರಬಹುದು. ಎರಡನ್ನೂ ಹೋಲಿಸಿ ನೋಡುವುದು ಲೇಸು.

ವಿಳಾಸಗಳಲ್ಲಿ ಎರಡು ಬಗೆಯುಂಟು. ಐಪಿ ವಿಳಾಸವು ಬಾಡಿಗೆ ಮನೆಯ ಬಾಗಿಲ ಸಂಖ್ಯೆಯಂತೆ. ಇಂದು ಒಂದು, ನಾಳೆ ಮತ್ತೊಂದು ಆಗಬಹುದು. 12 ಅಂಕಾಕ್ಷರಗಳ ಮ್ಯಾಕ್ ವಿಳಾಸವು ಕಾರ್ಖಾನೆಯಲ್ಲಿಯೇ ಬಿದ್ದ ಮಚ್ಚೆ. ಅದರ ಮೊದಲ 6 ಸಾಮಾನ್ಯವಾಗಿ ತಯಾರಕರನ್ನು ಸೂಚಿಸುತ್ತವೆ. ‘ಹಿಂಬಾಗಿಲು’ ಎಂಬ ಹೆಸರಾದರೋ ನಾವು ಕೊಟ್ಟದ್ದು. ದುರಸ್ತಿಯ ವೇಳೆ ಎರಡು ಕ್ಯಾಮೆರಾಗಳು ಅದಲುಬದಲಾದರೆ ಹೆಸರು ಸುಳ್ಳಾಡುವುದು, ಕ್ರಮಸಂಖ್ಯೆ ಆಡದು.

ಗಣಿಯ ಊರಿಗೆ ಗುರುತಿನ ಪ್ರಶ್ನೆ ಹೊಸದಲ್ಲ. 1930ರಲ್ಲಿ ಇಲ್ಲಿನ ಕಾರ್ಮಿಕರು ಬೆರಳಚ್ಚಿನ ನೋಂದಣಿಯನ್ನು ವಿರೋಧಿಸಿ ಮುಷ್ಕರ ಹೂಡಿದ್ದರು. ಕಾಯಲ್ಪಡುವವರ ಗುರುತನ್ನು ಕೇಳುವ ಮೊದಲು ಕಾಯುವ ಯಂತ್ರದ ಗುರುತನ್ನು ಕೇಳುವುದೇ ನ್ಯಾಯವೆಂದು ನಮಗೆ ತೋರುತ್ತದೆ.

ಫರ್ಮ್‌ವೇರ್ ಎಂಬುದು ಕ್ಯಾಮೆರಾದೊಳಗಿನ ನಡೆಸುವ ಬರಹ. ಅದರ ಆವೃತ್ತಿ ಹಳೆಯದಾದರೆ ಆಮೇಲೆ ಮುಚ್ಚಿದ ಕಿಂಡಿಗಳು ಇನ್ನೂ ತೆರೆದೇ ಇರುತ್ತವೆ. ಇನ್ನು ಕಾರ್ಖಾನೆಯ ಗುಪ್ತಪದವನ್ನೇ ಉಳಿಸಿಕೊಂಡವರ ಪಾಡು: 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು ಇಂಥ ಕ್ಯಾಮೆರಾಗಳನ್ನೂ ಇತರ ಉಪಕರಣಗಳನ್ನೂ ದೊಡ್ಡ ಸಂಖ್ಯೆಯಲ್ಲಿ ವಶಪಡಿಸಿಕೊಂಡಿತು. ಯಜಮಾನರ ಪರದೆಯಲ್ಲಿ ಚಿತ್ರ ಓಡುತ್ತಿರುವಾಗಲೇ ಕ್ಯಾಮೆರಾ ಬೇರೆಯವರ ಚಾಕರಿ ಮಾಡಬಲ್ಲದು!

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ವಿದ್ಯುನ್ಮಾನ ದಾಖಲೆಯೊಡನೆ ಪ್ರಮಾಣಪತ್ರವೂ ಇರಬೇಕು. ಅದರ ನಮೂನೆಯಲ್ಲಿ ದಾಖಲೆ ದೊರೆತ ಸಾಧನದ ತಯಾರಿಕೆ, ಮಾದರಿ, ಕ್ರಮಸಂಖ್ಯೆಗಳಿಗೆ ಸ್ಥಳ ಬಿಟ್ಟಿದೆ. ಮಾಹಿತಿಯ ಪುಟವು ಇಂದಿನ ಸ್ಥಿತಿಯನ್ನು ಮಾತ್ರ ಹೇಳುತ್ತದೆ. ಕಳವಿನ ರಾತ್ರಿ ಗಡಿಯಾರ ಹೇಗಿತ್ತೆಂಬುದನ್ನು ಅದರಿಂದ ತಿಳಿಯಲಾಗದು. ತಿಂಗಳಿಗೊಮ್ಮೆ ಪುಟವನ್ನು ತೆರೆದು, ಗಡಿಯಾರದ ವ್ಯತ್ಯಾಸವನ್ನೂ ಫರ್ಮ್‌ವೇರ್ ಆವೃತ್ತಿಯನ್ನೂ ಕ್ರಮಸಂಖ್ಯೆಯನ್ನೂ ದಿನಾಂಕಸಹಿತ ಪುಸ್ತಕದಲ್ಲಿ ಬರೆದಿಡುವುದಕ್ಕೆ ಐದು ನಿಮಿಷ ಸಾಕು.