ತಿದ್ದುವ ಮಾತಿಗೆ ಪ್ರೀತಿಯ ಹದ

ಹಿಂದೂಪುರ ಸೀಮೆಯ ರೊದ್ದಂನಲ್ಲಿ ಬೀದಿಯ ಮಾತು ತೆಲುಗು. ಅಲ್ಲಿನ ಕನ್ನಡದ ಮನೆಯ ಮಗು ಮಾತಿನ ನಡುವೆ ತೆಲುಗು ಪದವೊಂದನ್ನು ಬೆರೆಸಿದಾಗ ನಾಲ್ವರೆದುರು ನಕ್ಕರೆ, ಅದು ಕನ್ನಡವಾಡುವುದನ್ನೇ ಬಿಟ್ಟೀತು. ಹತ್ತಿರ ಕೂರಿಸಿಕೊಂಡು ಸರಿಯಾದ ಪದವನ್ನು ಹೇಳಿಕೊಟ್ಟರೆ ಮಾತು ಬೆಳೆಯುತ್ತದೆ. ಕ್ರೈಸ್ತ ಜೀವನದಲ್ಲಿಯೂ ತಿದ್ದುವ ಕ್ರಮ ಇದೇ.

ಅಪೊಸ್ತಲರ ಕೃತ್ಯಗಳು ಗ್ರಂಥದ 18ನೆಯ ಅಧ್ಯಾಯದಲ್ಲಿ ಇದಕ್ಕೊಂದು ನಿದರ್ಶನವಿದೆ. ಅಲೆಕ್ಸಾಂದ್ರಿಯದ ಅಪೊಲ್ಲೋಸನು ವಾಕ್ಚತುರನು, ಶಾಸ್ತ್ರಬಲ್ಲವನು. ಆದರೆ ಅವನು ತಿಳಿದಿದ್ದುದು ಯೋಹಾನನ ದೀಕ್ಷಾಸ್ನಾನವೊಂದನ್ನೇ. ಎಫೆಸದ ಸಭಾಮಂದಿರದಲ್ಲಿ ಅವನ ಮಾತನ್ನು ಕೇಳಿದ ಪ್ರಿಸ್ಕಿಲ್ಲ ಮತ್ತು ಅಕ್ವಿಲ ದಂಪತಿಗಳು ಅವನನ್ನು ತಮ್ಮ ಬಳಿಗೆ ಕರೆದುಕೊಂಡು, ದೇವರ ಮಾರ್ಗವನ್ನು ಇನ್ನೂ ಸ್ಪಷ್ಟವಾಗಿ ವಿವರಿಸಿದರು. ಗುಡಾರ ಕಟ್ಟುವ ಕಸುಬಿನವರು ವಿದ್ವಾಂಸನಿಗೆ ತಿಳಿಹೇಳಿದರು. ಮುಂದೆ ಅಖಾಯದ ವಿಶ್ವಾಸಿಗಳಿಗೆ ಅವನೇ ದೊಡ್ಡ ಆಸರೆಯಾದನು.

ಗಲಾತ್ಯದವರಿಗೆ ಬರೆದ ಪತ್ರದ 6ನೆಯ ಅಧ್ಯಾಯದಲ್ಲಿ, ತಪ್ಪಿದವನನ್ನು ಸರಿಪಡಿಸುವುದಕ್ಕೆ ಪೌಲನು ಬಳಸಿದ ಗ್ರೀಕ್ ಕ್ರಿಯಾಪದವೇ ಸುವಾರ್ತೆಯಲ್ಲಿ ಬೆಸ್ತರು ಬಲೆ ಸರಿಮಾಡುವುದಕ್ಕೂ ಬಂದಿದೆ. ಹರಿದ ಬಲೆಯನ್ನು ಬೆಸ್ತನು ಬಯ್ದು ಬಿಸಾಡುವುದಿಲ್ಲ. ಕೈಯಲ್ಲಿ ಹಿಡಿದು ಕಣ್ಣಿಗೆ ಕಣ್ಣು ಕೂಡಿಸುತ್ತಾನೆ. ತಿದ್ದುವವನು ತಾನೂ ಜಾರದಂತೆ ಎಚ್ಚರವಾಗಿರಬೇಕೆಂದು ಪೌಲನು ಅಲ್ಲಿಯೇ ಹೇಳುತ್ತಾನೆ.

ಹಾಗೆಂದು ಮೃದುತ್ವವು ತಪ್ಪನ್ನು ಮುಚ್ಚಿಡುವುದಿಲ್ಲ. ತಪ್ಪು ಮಾಡಿದ ಸಹೋದರನೊಡನೆ ಮೊದಲು ಏಕಾಂತದಲ್ಲಿ ಮಾತಾಡಬೇಕೆಂಬುದು ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಯೇಸು ಕೊಟ್ಟ ಬೋಧನೆ. ಅವನು ಕಿವಿಗೊಟ್ಟರೆ ಸಹೋದರನು ಮರಳಿ ದೊರೆತಂತೆ.

ಇಂದು ಸಂಜೆ ಮಗುವಿನ ನೋಟುಪುಸ್ತಕದಲ್ಲಿ ತಪ್ಪು ಕಂಡರೆ, ನೆರೆಮನೆಗೆ ಕೇಳುವಂತೆ ಗದರುವ ಮುನ್ನ ಹೆತ್ತವರು ಒಮ್ಮೆ ಅದರ ಪಕ್ಕದಲ್ಲಿ ಕುಳಿತುಕೊಳ್ಳಲಿ.