ಆರು ಮೈಲಿಯ ಕಾವಲು: ಗಾಜಾದ ಕಡಲ ಪೊಲೀಸರು

ಗಾಜಾ ಪಟ್ಟಿಯ ಕರಾವಳಿ ಸುಮಾರು 40 ಕಿಲೋಮೀಟರ್. ಅದನ್ನು ಕಾಯಲು ಪ್ಯಾಲೆಸ್ಟೀನಿಯರಿಗೆ ತಮ್ಮದೇ ಕರಾವಳಿ ಪೊಲೀಸ್ ಪಡೆ ದೊರೆತದ್ದು 1994ರ ಮೇ ತಿಂಗಳ ಗಾಜಾ–ಜೆರಿಕೊ ಒಪ್ಪಂದದಿಂದ.

ಅದೇ ಒಪ್ಪಂದ ಕಡಲನ್ನು ಮೂರು ವಲಯಗಳಾಗಿ ಹಂಚಿತು. ಉತ್ತರದಲ್ಲಿ ಇಸ್ರೇಲ್ ಗಡಿಗೆ ತಾಗಿದ, ಒಂದೂವರೆ ನಾಟಿಕಲ್ ಮೈಲಿ ಅಗಲದ ‘ಕೆ’. ದಕ್ಷಿಣದಲ್ಲಿ ಈಜಿಪ್ಟ್ ಪಕ್ಕದ, ಒಂದು ಮೈಲಿಯ ‘ಎಂ’. ಇವೆರಡೂ ಇಸ್ರೇಲಿ ನೌಕಾಪಡೆಯ ಹಿಡಿತದ ನಿಷೇಧಿತ ನೀರು. ನಡುವಿನ ‘ಎಲ್’ ವಲಯ ಮಾತ್ರ 20 ಮೈಲಿವರೆಗೆ ಮೀನುಗಾರರಿಗೆ ಮುಕ್ತವಾಗಿತ್ತು. ಆದರೆ ಪೊಲೀಸರ ಗಸ್ತು ಸಾಮಾನ್ಯವಾಗಿ ಆರೇ ಮೈಲಿಗೆ ನಿಲ್ಲಬೇಕಿತ್ತು. ಅವರ ದೋಣಿಗಳ ಸಂಖ್ಯೆ, ತೂಕ, ವೇಗ ಎಲ್ಲವೂ ಕರಾರಿನಲ್ಲೇ ನಿಗದಿ; 7.62 ಮಿ.ಮೀ.ಗಿಂತ ದೊಡ್ಡ ಬಂದೂಕು ಕೂಡದು. ಭದ್ರತೆಯ ಕಾರಣ ನೀಡಿ ‘ಎಲ್’ ವಲಯಕ್ಕೂ ನುಗ್ಗುವ ಅಧಿಕಾರವನ್ನು ಇಸ್ರೇಲ್ ಉಳಿಸಿಕೊಂಡಿತು. ತನ್ನ ಮೀನುಗಾರನ ಬೆನ್ನಿಗೆ ನಿಲ್ಲಲಾಗದ ಪೊಲೀಸನನ್ನು ಸೃಷ್ಟಿಸಿದ್ದು ಈ ಒಪ್ಪಂದದ ದೊಡ್ಡ ಅನ್ಯಾಯವೆಂದೇ ನನಗನಿಸುತ್ತದೆ.

ಕಡಲ ಮೂಲಕ ಶಸ್ತ್ರ ಬರಬಹುದೆಂಬ ಇಸ್ರೇಲಿನ ಆತಂಕಕ್ಕೂ ಆಧಾರವಿತ್ತು. 2002ರ ಜನವರಿಯಲ್ಲಿ ಕೆಂಪು ಸಮುದ್ರದಲ್ಲಿ ಅದು ಹಿಡಿದ ‘ಕರೀನ್ ಎ’ ಹಡಗಿನಲ್ಲಿ ಸುಮಾರು 50 ಟನ್ ಶಸ್ತ್ರಾಸ್ತ್ರವಿತ್ತು. ಸಿಬ್ಬಂದಿಯಲ್ಲಿ ಪ್ಯಾಲೆಸ್ಟೀನಿಯರ ಕಡಲ ಪೊಲೀಸರೂ ಇದ್ದರೆಂದು ಇಸ್ರೇಲ್ ಹೇಳಿತು. ಆದರೆ ಅದರ ಬೆಲೆ ತೆತ್ತವರು ಬಲೆ ಬೀಸುವವರು. ಮೀನುಗಾರಿಕೆಯ ಎಲ್ಲೆ 2006ರಲ್ಲಿ ಆರು ಮೈಲಿಗಿಳಿಯಿತು, 2009ರ ಜನವರಿಯಲ್ಲಿ ಮೂರಕ್ಕೆ. ಮತ್ತೆ ಕೆಲವೊಮ್ಮೆ ಹಿಗ್ಗಿತು, 2019ರಲ್ಲಿ ಕೆಲವೆಡೆ 15 ಮೈಲಿಯಾಯಿತು. ಗಡಿಯಲ್ಲಿ ಗಲಭೆಯಾದಾಗ ಮತ್ತೆ ಕುಗ್ಗುತ್ತಿತ್ತು. ಗುಂಪಾಗಿ ಸಾಗುವ ಸಾರ್ಡೀನ್ ಮೀನು, ಅಂದರೆ ನಮ್ಮ ಕರಾವಳಿಯವರ ಬೂತಾಯಿಯ ಬಂಧು, ಹೆಚ್ಚಾಗಿ ಸಿಗುವುದು ಆಳದ ನೀರಿನಲ್ಲಿ. ದಡದ ಬಳಿಯ ಆಳವಿಲ್ಲದ ನೀರಿನಲ್ಲೇ ಸಾವಿರಾರು ಜನ ಬಲೆ ಹಾಕಿದರೆ ಉಳಿಯುವುದು ಮರಿಮೀನು ಮಾತ್ರ. ಎಲ್ಲೆ ಮೀರಿದವರ ಮೇಲೆ ನೌಕಾಪಡೆಯ ಗುಂಡು ಹಾರುತ್ತಿತ್ತು, ದೋಣಿ ಜಪ್ತಿಯಾಗುತ್ತಿತ್ತು.

2007ರಲ್ಲಿ ಗಾಜಾ ಹಮಾಸ್ ಕೈಗೆ ಹೋದಾಗ ಕಡಲ ಪೊಲೀಸ್ ಕೂಡ ಅದರ ಒಳಾಡಳಿತ ಸಚಿವಾಲಯದ ಅಡಿಗೆ ಬಂತು.

2015ರಲ್ಲಿ ಪ್ಯಾಲೆಸ್ಟೀನ್ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಡಂಬಡಿಕೆಗೆ ಸೇರಿತು. 2019ರಲ್ಲಿ ತನ್ನ ಕಡಲ ಗಡಿಯನ್ನೂ ಘೋಷಿಸಿತು. ಆ ಒಡಂಬಡಿಕೆಯಂತೆ ಕರಾವಳಿ ರಾಷ್ಟ್ರಕ್ಕೆ 12 ಮೈಲಿವರೆಗೆ ಪ್ರಾದೇಶಿಕ ಸಮುದ್ರ ಸಲ್ಲಬೇಕು. ಆದರೆ 2023ರ ಅಕ್ಟೋಬರ್‌ನಿಂದ, ಯುದ್ಧದಲ್ಲಿ, ಗಾಜಾದ ಇಡೀ ಕಡಲೇ ನಿಷಿದ್ಧವಾಯಿತು. ಬಂದರು ಧ್ವಂಸವಾಯಿತು, ದೋಣಿಗಳಲ್ಲಿ ಹೆಚ್ಚಿನವು ನಾಶವಾದವು. ಐದು ವರ್ಷದ ಮಧ್ಯಂತರ ವ್ಯವಸ್ಥೆಯೆಂದು ಬರೆದ ಕರಾರಿನ ಜಾಗದಲ್ಲಿ ಇಂದಿಗೂ ಶಾಶ್ವತ ಒಪ್ಪಂದ ಬಂದಿಲ್ಲ.